ಮನೆಗೆ ಫೈಬರ್: ಬದಲಿಸುವ ಮುನ್ನ

ಹಳೆಯ ಬ್ರಾಡ್‌ಬ್ಯಾಂಡ್ ಟೆಲಿಫೋನಿನ ತಾಮ್ರದ ತಂತಿಯಲ್ಲಿ ವಿದ್ಯುತ್ ಸಂಕೇತವಾಗಿ ಬರುತ್ತದೆ. ಎಕ್ಸ್‌ಚೇಂಜಿನಿಂದ ಮನೆ ದೂರವಾದಷ್ಟೂ ಸಂಕೇತ ಕ್ಷೀಣಿಸಿ ವೇಗ ಕುಸಿಯುತ್ತದೆ.

ಫೈಬರ್‌ನಲ್ಲಿ ಬರುವುದು ಬೆಳಕು. ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ನಾವು ಓದುವ ಪೂರ್ಣ ಆಂತರಿಕ ಪ್ರತಿಫಲನವೇ ಇದರ ತತ್ವ. ಗಾಜಿನ ಎಳೆಯ ಒಳತಿರುಳಿನ ವಕ್ರೀಭವನಾಂಕ ಹೊರಪದರಕ್ಕಿಂತ ಹೆಚ್ಚು. ಆದ್ದರಿಂದ ಬೆಳಕು ಹೊರಗೆ ಸೋರದೆ ಕಿಲೋಮೀಟರುಗಟ್ಟಲೆ ಸಾಗುತ್ತದೆ. ವಕ್ರೀಭವನದ ನಿಯಮವನ್ನು 984ರ ಸುಮಾರಿಗೇ ಬಾಗ್ದಾದಿನ ಗಣಿತಜ್ಞ ಇಬ್ನ್ ಸಹ್ಲ್ ಮಸೂರಗಳ ರಚನೆಗೆ ಬಳಸಿದ್ದರು.

ಬದಲಿಸುವವರು ಮೂರು ವಿಷಯ ಗಮನಿಸಿ.

1. 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 100 ಮೆಗಾಬಿಟ್. 8ರಿಂದ ಭಾಗಿಸಿದರೆ 12.5 ಮೆಗಾಬೈಟ್, ಡೌನ್‌ಲೋಡ್ ಲೆಕ್ಕ ಹಾಕಬೇಕಾದದ್ದು ಇದರಲ್ಲಿ.

2. ಗಾಜು ವಿದ್ಯುತ್ತನ್ನು ಒಯ್ಯದು. ಹಳೆಯ ಸ್ಥಿರ ದೂರವಾಣಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ ಬರುತ್ತಿತ್ತು. ಫೈಬರ್ ಮೋಡೆಮ್ ಮಾತ್ರ ಮನೆಯ ಕರೆಂಟ್ ಹೋದೊಡನೆ ನಿಲ್ಲುತ್ತದೆ. ಚಿಕ್ಕದೊಂದು ಬ್ಯಾಟರಿ ಬ್ಯಾಕಪ್ ಇರಲಿ.

3. ಹೊಸ ಸಂಪರ್ಕ ಒಂದು ವಾರ ಸರಿಯಾಗಿ ನಡೆದ ಮೇಲೆಯೇ ಹಳೆಯದನ್ನು ರದ್ದುಪಡಿಸಿ. ಸಿಇಟಿ ಆಪ್ಷನ್ ಎಂಟ್ರಿಯ ದಿನಗಳಲ್ಲಿ ಬದಲಾವಣೆಗೆ ಕೈಹಾಕಬೇಡಿ. ಸಂಪರ್ಕ ಕಡಿದರೂ ಕೊನೆಯ ದಿನಾಂಕ ಮುಂದೆ ಹೋಗುವುದಿಲ್ಲ.