ಕಣ್ಣು ಹೊರಳಿಸಿದರೆ ನೋವೇ? ಮಾಡಬೇಕಾದ್ದು, ಮಾಡಬಾರದ್ದು

ಕಣ್ಣುಗುಡ್ಡೆಯನ್ನು ಹೊರಳಿಸುವ ಸ್ನಾಯುಗಳು ಒಂದೊಂದು ಕಣ್ಣಿಗೆ ಆರು. ಅವುಗಳಲ್ಲಿ ಒಂದಕ್ಕೋ ಎರಡಕ್ಕೋ ಉರಿಯೂತ ಬಂದರೆ ಕಣ್ಣು ಹೊರಳಿದಾಗಲೆಲ್ಲ ಒಳಗೆ ನೋವು ಎಳೆಯುತ್ತದೆ. ಒಂದು ಎರಡಾಗಿ ಕಾಣುತ್ತದೆ. ರೆಪ್ಪೆ ಊದುತ್ತದೆ. ಬಿಳಿಗುಡ್ಡೆ ಒಂದು ಮಗ್ಗುಲಲ್ಲಿ ಮಾತ್ರ ಕೆಂಪಾಗುತ್ತದೆ. ಇದು ಮದ್ರಾಸ್ ಐ ಅಲ್ಲ. ಪಿಸುರು ಕಟ್ಟುವುದಿಲ್ಲ, ಮನೆಯವರಿಗೆ ಅಂಟುವುದಿಲ್ಲ, ಡ್ರಾಪ್ಸ್‌ಗೆ ಬಗ್ಗುವುದಿಲ್ಲ.

ಊದಿದ ಸ್ನಾಯು ದೃಷ್ಟಿನರವನ್ನು ಒತ್ತಿದರೆ ನೋಟ ಹೋಗುತ್ತದೆ. ಸ್ನಾಯು ಕಲೆಗಟ್ಟಿ ಬಿಗಿದರೆ ಮಾಲುಗಣ್ಣು ಉಳಿಯುತ್ತದೆ. ಇದೇ ವೇಷದಲ್ಲಿ ಬರುವ ಕಪ್ಪು ಶಿಲೀಂಧ್ರ ಜೀವವನ್ನೇ ತೆಗೆಯಬಹುದು.

ಮಾಡಬೇಕಾದ್ದು

ತಲೆ ಅಲುಗಿಸದೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ನೋಡಿ.

ಯಾವ ಕಡೆ ನೋವು, ಯಾವ ಕಡೆ ಎರಡಾಗಿ ಕಾಣುತ್ತದೆ ಎಂದು ಚೀಟಿಯಲ್ಲಿ ಬರೆದಿಡಿ.

ಒಂದೊಂದೇ ಕಣ್ಣು ಮುಚ್ಚಿ ನೋಡಿ. ಯಾವ ಕಣ್ಣು ಮುಚ್ಚಿದರೂ ಎರಡು ಒಂದಾದರೆ ಎರಡು ಕಣ್ಣುಗಳ ಹೊಂದಾಣಿಕೆ ತಪ್ಪಿದೆ.

ಕುಂಕುಮದ ಬಟ್ಟಲನ್ನು ಒಂದೊಂದೇ ಕಣ್ಣಿನಿಂದ ನೋಡಿ. ನೋಯುವ ಕಣ್ಣಿಗೆ ಕೆಂಪು ಮಾಸಲಾಗಿ ಕಂಡರೆ ಅದೇ ಗಳಿಗೆ ಆಸ್ಪತ್ರೆಗೆ ಹೊರಡಿ. ದೃಷ್ಟಿನರಕ್ಕೆ ಪೆಟ್ಟು ಬೀಳುತ್ತಿರಬಹುದು.

ನೋಟ ಮಂಜಾಗಿದ್ದರೆ, ಜ್ವರವಿದ್ದರೆ, ಗುಡ್ಡೆ ಮುಂದೆ ಉಬ್ಬಿದ್ದರೆ, ಗುಡ್ಡೆ ಅಲುಗದಿದ್ದರೆ, ರೆಪ್ಪೆ ಜೋತು ಒಂದು ಕಣ್ಣಿನ ಪಾಪೆ ದೊಡ್ಡದಾಗಿದ್ದರೆ ರಾತ್ರಿಯಾದರೂ ತುರ್ತು ವಿಭಾಗಕ್ಕೆ ಹೋಗಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ.

ಶೀತ, ಮೂಗು ಕಟ್ಟುವಿಕೆಯ ಬೆನ್ನಿಗೇ ಮಗುವಿನ ರೆಪ್ಪೆ ಊದಿ ಜ್ವರ ಬಂದರೆ ಬೆಳಗಾಗುವವರೆಗೆ ಕಾಯದೆ ಕರೆದೊಯ್ಯಿರಿ. ಸೈನಸ್‌ನ ಕೀವು ಕಣ್ಣಿನ ಗೂಡಿಗೆ ಇಳಿದಿರಬಹುದು.

ಶುಗರ್ ಇರುವವರು ಕೆನ್ನೆ ಮರಗಟ್ಟಿದರೆ, ಮೂಗಿನಿಂದ ಕಪ್ಪು ಸ್ರಾವ ಬಂದರೆ ಕಣ್ಣಿನ ವೈದ್ಯರ ಜೊತೆಗೆ ಕಿವಿ-ಮೂಗು-ಗಂಟಲು ವೈದ್ಯರಿಗೂ ಅದೇ ದಿನ ತೋರಿಸಿ.

ಇವಾವುದೂ ಇಲ್ಲದಿದ್ದರೂ ಒಂದೆರಡು ದಿನದೊಳಗೆ ಕಣ್ಣಿನ ವೈದ್ಯರ ಮುಂದೆ ಕುಳಿತುಕೊಳ್ಳಿ. ಕನ್ನಡಕದ ಅಂಗಡಿಯ ತಪಾಸಣೆ ಇದಕ್ಕೆ ಸಾಲದು.

ಥೈರಾಯ್ಡ್, ಶುಗರ್, ಸಂಧಿವಾತ, ಕರುಳಿನ ಕಾಯಿಲೆ ಇದ್ದರೆ ಹೇಳಿ.

ನಿಮಗಾಗಲಿ ಮನೆಯವರಿಗಾಗಲಿ ಟಿಬಿ ಬಂದಿದ್ದರೆ ಹೇಳಿ.

ಕ್ಯಾನ್ಸರ್ ಹತ್ತು ವರ್ಷದ ಹಿಂದೆ ವಾಸಿಯಾಗಿದ್ದರೂ ಹೇಳಿ. ಸ್ತನ ಕ್ಯಾನ್ಸರ್ ಎಷ್ಟೋ ವರ್ಷದ ಮೇಲೆ ಈ ಸ್ನಾಯುಗಳಲ್ಲಿ ತಲೆ ಎತ್ತಿದ್ದುಂಟು.

ಮೂಳೆ ಸವೆತಕ್ಕೆ ಚುಚ್ಚುಮದ್ದು ಹಾಕಿಸಿಕೊಂಡಿದ್ದರೆ ಅದರ ಹೆಸರು, ತಾರೀಖು ಕೊಡಿ. ಅಂಥ ಕೆಲವು ಮದ್ದುಗಳೇ ಈ ಉರಿಯೂತ ತರಬಹುದು.

ಕಣ್ಣಿನ ಗೂಡಿನ ಸಿಟಿ ಅಥವಾ ಎಂಆರ್‌ಐ ಬೇಕೇ ಎಂದು ಬಾಯಿ ಬಿಟ್ಟು ಕೇಳಿ. ಊದಿದ ಸ್ನಾಯುವನ್ನು ಬರಿಗಣ್ಣಿಗೆ ಅಳೆಯಲಾಗದು. ಥೈರಾಯ್ಡ್‌ನಿಂದಾದರೆ ಸ್ನಾಯುವಿನ ನಡುಭಾಗ ದಪ್ಪಗಾಗುತ್ತದೆ, ಗುಡ್ಡೆಗೆ ಅಂಟಿದ ತುದಿ ಸಾಮಾನ್ಯವಾಗಿ ತೆಳ್ಳಗೇ ಇರುತ್ತದೆ, ನೋವೂ ಕಡಿಮೆ. ಕಾರಣ ತಿಳಿಯದ ಉರಿಯೂತದಲ್ಲಿ ಹೆಚ್ಚಾಗಿ ತುದಿಯೂ ಊದಿರುತ್ತದೆ, ನೋವು ದಿಢೀರನೆ ಬರುತ್ತದೆ. ಸ್ನಾಯುವಿನೊಳಗೆ ನೀರುಗುಳ್ಳೆ, ಅದರೊಳಗೊಂದು ಚುಕ್ಕೆ ಕಂಡರೆ ಅದು ಲಾಡಿಹುಳುವಿನ ಮರಿ. ನಮ್ಮ ದೇಶದಲ್ಲಿ ಇದನ್ನು ಮರೆಯುವಂತಿಲ್ಲ. ಹಂದಿಮಾಂಸ ಮುಟ್ಟದ ಸಸ್ಯಾಹಾರಿಗಳಿಗೂ ಇದು ಬರುತ್ತದೆ. ಹುಳುವಿನ ಮೊಟ್ಟೆ ಸೇರುವುದು ಮಲ ತಾಗಿದ ನೀರಿನಿಂದ, ತೊಳೆಯದ ಸೊಪ್ಪಿನಿಂದ.

ತಾಲ್ಲೂಕಿನಲ್ಲಿ ಸ್ಕ್ಯಾನ್ ಇಲ್ಲದಿದ್ದರೆ ಹತ್ತಿರದ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಚೀಟಿ ಬರೆಸಿಕೊಳ್ಳಿ. ಬೆಂಗಳೂರಿನವರಿಗೆ ಸರ್ಕಾರಿ ಮಿಂಟೊ ಕಣ್ಣಾಸ್ಪತ್ರೆ ಇದೆ.

ಬರೆದುಕೊಟ್ಟ ರಕ್ತಪರೀಕ್ಷೆಗಳನ್ನು ಪೂರ್ತಿ ಮಾಡಿಸಿ. ಥೈರಾಯ್ಡ್, ಶುಗರ್, ಇಎಸ್‌ಆರ್ ಇರಲೇಬೇಕು.

ಸ್ಟೀರಾಯ್ಡ್ ಬರೆದರೆ ತಿಂಡಿಯಾದ ಮೇಲೆ, ಬೆಳಿಗ್ಗೆ, ದಿನವೂ ಒಂದೇ ಹೊತ್ತಿಗೆ ನುಂಗಿ. ಪ್ರೆಡ್ನಿಸೊಲೋನ್ ಪ್ರಮಾಣವನ್ನು ಮೈತೂಕ ನೋಡಿ ನಿರ್ಧರಿಸುತ್ತಾರೆ; ಆರಂಭಕ್ಕೆ ಕಿಲೋಗೆ ಸುಮಾರು 1 ಮಿ.ಗ್ರಾಂ. ವಾಡಿಕೆ. ಅದನ್ನು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ, ಮೆಟ್ಟಿಲಿಳಿದಂತೆ ಇಳಿಸುತ್ತಾರೆ.

ಆ ಇಳಿಕೆಯ ಪಟ್ಟಿಯನ್ನು ತಾರೀಖು ಸಮೇತ ಬರೆಸಿಕೊಂಡು ಗೋಡೆಗೆ ಅಂಟಿಸಿ.

ಮದ್ದು ನಡೆದಷ್ಟು ದಿನ ಶುಗರ್, ಬಿಪಿ, ಕಣ್ಣಿನೊಳಗಿನ ಒತ್ತಡ ಅಳೆಸಿಕೊಳ್ಳಿ.

ಮದ್ದು ಶುರುವಾಗಿ ಎರಡು-ಮೂರು ದಿನದಲ್ಲಿ ನೋವು ಇಳಿಯದಿದ್ದರೆ ವೈದ್ಯರ ಬಳಿಗೆ ಮರಳಿ ಹೋಗಿ. ಈ ಉರಿಯೂತ ಸ್ಟೀರಾಯ್ಡ್‌ಗೆ ಬೇಗ ಮಣಿಯುತ್ತದೆ. ಮಣಿಯದಿದ್ದರೆ ರೋಗ ಬೇರೆ ಇರಬಹುದು.

ಸ್ನಾಯುವಿನ ಚೂರು ತೆಗೆದು ಪರೀಕ್ಷಿಸಬೇಕು ಎಂದರೆ ಒಪ್ಪಿಕೊಳ್ಳಿ.

ನೋವು ಮರುಕಳಿಸಿದರೆ ಮೊದಲ ದಿನವೇ ಹೋಗಿ.

ಉರಿಯೂತ ತಗ್ಗಿಸುವ ಮೆಥೋಟ್ರೆಕ್ಸೇಟ್ ಮಾತ್ರೆ ಬರೆದಿದ್ದರೆ ನುಂಗುವ ವಾರದ ದಿನವನ್ನು ಪೊಟ್ಟಣದ ಮೇಲೆ ಪೆನ್ನಿನಲ್ಲಿ ಬರೆಯಿರಿ. ಅದು ವಾರಕ್ಕೆ ಒಮ್ಮೆ ಮಾತ್ರ.

ಮಾಡಬಾರದ್ದು

ಮೆಡಿಕಲ್ ಶಾಪ್‌ನಲ್ಲಿ ಕೇಳಿ ಡ್ರಾಪ್ಸ್ ಹಾಕಿಕೊಳ್ಳುವುದು ಬೇಡ. ಅನೇಕ ಡ್ರಾಪ್ಸ್‌ಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ತಿಂಗಳುಗಟ್ಟಲೆ ಹಾಕಿದರೆ ಗ್ಲಾಕೋಮಾ ಬರಬಹುದು.

ಎದೆಹಾಲು, ಜೇನು, ಹರಳೆಣ್ಣೆ, ನಂದಿಬಟ್ಟಲು ಹೂವಿನ ರಸ ಬೇಡ. ಮನೆಯ ಹಿರಿಯರು ಪ್ರೀತಿಯಿಂದಲೇ ಹೇಳುತ್ತಾರೆ, ಆದರೂ ಬೇಡ. ರೋಗ ಇರುವುದು ಗುಡ್ಡೆಯ ಹಿಂದೆ.

ಕಣ್ಣು ತಿಕ್ಕುವುದು, ನೀವುವುದು, ಬಿಸಿ ಶಾಖ ಕೊಡುವುದು ಬೇಡ.

ಕಣ್ಣಿನ ವ್ಯಾಯಾಮ ಬೇಡ. ಊದಿದ ಸ್ನಾಯುವನ್ನು ದುಡಿಸಬಾರದು.

ವೈದ್ಯರು ಹೇಳದೆ ಸ್ಟೀರಾಯ್ಡ್ ಮಾತ್ರೆ ಬೇಡ, ಒಂದು ದಿನಕ್ಕೂ ಬೇಡ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಬೆನ್ನಿಗೆ ಕಪ್ಪು ಶಿಲೀಂಧ್ರಕ್ಕೆ ಈ ದೇಶದ ಸಾವಿರಾರು ಜನ ತುತ್ತಾದರು. ಹತೋಟಿ ತಪ್ಪಿದ ಶುಗರ್ ಮತ್ತು ಮಿತಿಯಿಲ್ಲದ ಸ್ಟೀರಾಯ್ಡ್ ಅದಕ್ಕೆ ದಾರಿ ಮಾಡಿಕೊಟ್ಟವು. ಜೀವ ಉಳಿಸಲು ಎಷ್ಟೋ ಜನರ ಕಣ್ಣನ್ನೇ ತೆಗೆಯಬೇಕಾಯಿತು. ಅಂದಿನ ಆ ಮಾತ್ರೆಯೇ ಇಂದು ನಿಮ್ಮ ಸ್ನಾಯುವಿನ ಮದ್ದು. ಯಾರಿಗೆ, ಯಾವಾಗ, ಎಷ್ಟು ಎಂಬುದನ್ನು ಪರೀಕ್ಷೆಯೇ ಹೇಳಬೇಕು.

ಶುರು ಮಾಡಿದ ಸ್ಟೀರಾಯ್ಡ್ ತಟ್ಟನೆ ನಿಲ್ಲಿಸಬಾರದು. ಕೆಲವು ವಾರ ಹೊರಗಿನಿಂದ ಕೊಟ್ಟರೆ ದೇಹ ತನ್ನದನ್ನು ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ತಟ್ಟನೆ ನಿಂತರೆ ಬಿಪಿ ಕುಸಿದು ಪ್ರಾಣಾಪಾಯವಾಗಬಹುದು.

ಮುಖ ಊದಿತು, ತೂಕ ಏರಿತು ಎಂದು ನೀವೇ ಡೋಸ್ ಕಡಿಮೆ ಮಾಡುವುದು ಬೇಡ.

ಹಳೆಯ ಚೀಟಿ ತೋರಿಸಿ ಅದೇ ಮಾತ್ರೆ ತರುವುದು ಬೇಡ.

ಸ್ಟೀರಾಯ್ಡ್ ಜೊತೆಗೆ ಕೇಳದೆ ನೋವಿನ ಮಾತ್ರೆ ಬೇಡ. ಎರಡೂ ಸೇರಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಒಸರಬಹುದು.

ಹುಳುವಿನ ಗುಳ್ಳೆ ಎಂದು ಕೇಳಿದ ತಕ್ಷಣ ಅಲ್ಬೆಂಡಜೋಲ್ ನುಂಗುವುದು ಬೇಡ. ಸಾಯುವ ಹುಳು ಊತವನ್ನು ಹೆಚ್ಚಿಸುತ್ತದೆ. ಮಿದುಳಿನಲ್ಲಿ, ಗುಡ್ಡೆಯೊಳಗೆ ಗುಳ್ಳೆ ಇಲ್ಲವೆಂದು ಮೊದಲು ಖಚಿತವಾಗಬೇಕು.

ಮೆಥೋಟ್ರೆಕ್ಸೇಟ್ ದಿನವೂ ನುಂಗಬಾರದು. ಪ್ರಾಣ ಹೋಗಬಹುದು.

ಬಸುರಿಯರು, ಬಸುರಾಗಲು ಬಯಸುವವರು ಮೆಥೋಟ್ರೆಕ್ಸೇಟ್ ಮುಟ್ಟಬಾರದು.

ಒಂದು ಎರಡಾಗಿ ಕಾಣುವಾಗ ಬೈಕು, ಕಾರು, ಟ್ರ್ಯಾಕ್ಟರ್ ಬೇಡ. ಏಣಿ, ತೆಂಗಿನ ಮರ, ಓಡುವ ಯಂತ್ರ ಬೇಡ. ಒಂದು ಕಣ್ಣು ಮುಚ್ಚಿಕೊಂಡು ಓಡಿಸುತ್ತೇನೆ ಎಂಬುದೂ ಬೇಡ. ಎದುರಿನ ಲಾರಿಯ ದೂರದ ಅಂದಾಜು ತಪ್ಪುತ್ತದೆ.

ಚಿಕ್ಕ ಮಕ್ಕಳ ಕಣ್ಣಿಗೆ ನಾವಾಗಿಯೇ ಪಟ್ಟಿ ಕಟ್ಟಬಾರದು. ಮುಚ್ಚಿದ ಕಣ್ಣು ನೋಡುವುದನ್ನೇ ಮರೆಯಬಹುದು.

ಥೈರಾಯ್ಡ್ ಕಣ್ಣಿನವರಿಗೆ ಬೀಡಿ, ಸಿಗರೇಟು ಬೇಡ. ಅಕ್ಕಪಕ್ಕದವರ ಹೊಗೆಯೂ ಬೇಡ.

ಊತ ಇರುವಾಗ ಮಾಲುಗಣ್ಣಿನ ಆಪರೇಷನ್‌ಗೆ ಅವಸರ ಬೇಡ. ಅಳತೆ ತಿಂಗಳುಗಟ್ಟಲೆ ಒಂದೇ ಸಮ ನಿಂತ ಮೇಲೆ ಆ ಮಾತು.

ನೋವು ಹೋಯಿತೆಂದು ಮುಂದಿನ ಭೇಟಿ ತಪ್ಪಿಸುವುದು ಬೇಡ. ಲಿಂಫೋಮಾ ಎಂಬ ಕ್ಯಾನ್ಸರ್ ಕೂಡ ಮೊದಲು ಸ್ಟೀರಾಯ್ಡ್‌ಗೆ ಕುಗ್ಗುತ್ತದೆ, ಮಾತ್ರೆ ಮುಗಿದ ಮೇಲೆ ಬೆಳೆಯುತ್ತದೆ.