ಕಣ ಚಿಕ್ಕದು, ಕೆಲಸ ದೊಡ್ಡದು: ಆಧಾರದ ಮೇಲಿನ ನ್ಯಾನೋ ಕ್ರಿಯಾವರ್ಧಕಗಳು

ನೈಟ್ರೋಬೆಂಜೀನನ್ನು ಅನಿಲೀನ್ ಆಗಿ ಅಪಕರ್ಷಿಸುವ ಎರಡು ವಿಧಾನಗಳನ್ನು ಅಮೈನ್‌ಗಳ ಪಾಠದಲ್ಲಿ ಓದುತ್ತೇವೆ. ಪರೀಕ್ಷೆಯಲ್ಲಿ ಯಾವುದನ್ನು ಬರೆದರೂ ಅಂಕ ಸಿಗುತ್ತದೆ. ಆದರೆ ತ್ಯಾಜ್ಯದ ಲೆಕ್ಕ ಹಾಕಿದರೆ ಎರಡೂ ಒಂದೇ ಅಲ್ಲ.

ಮೊದಲನೆಯದರಲ್ಲಿ ಕಬ್ಬಿಣದ ಚೂರು ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಬಳಸುತ್ತಾರೆ. 4 ಮೋಲ್, ಅಂದರೆ 372 ಗ್ರಾಂ ಅನಿಲೀನ್ ಸಿಗಬೇಕಾದರೆ 9 ಮೋಲ್ ಕಬ್ಬಿಣ ಖರ್ಚಾಗಿ ಸುಮಾರು 696 ಗ್ರಾಂ ಕಬ್ಬಿಣದ ಆಕ್ಸೈಡ್ ಉಳಿಯುತ್ತದೆ. ಬೇಕಾದ ವಸ್ತುವಿಗಿಂತ ಕೆಸರೇ ಹೆಚ್ಚು! ಎರಡನೆಯದರಲ್ಲಿ ಪಲ್ಲಾಡಿಯಮ್ ಸಮ್ಮುಖದಲ್ಲಿ ಹೈಡ್ರೋಜನ್ ಹಾಯಿಸುತ್ತಾರೆ. ಅಷ್ಟೇ ಅನಿಲೀನ್‌ಗೆ ಇಲ್ಲಿ ಉಳಿಯುವುದು 144 ಗ್ರಾಂ ನೀರು.

ಪಲ್ಲಾಡಿಯಮ್ ದುಬಾರಿ ಲೋಹ. ಕ್ರಿಯೆ ನಡೆಯುವುದು ಅದರ ಮೇಲ್ಮೈಯಲ್ಲಿ ಮಾತ್ರ. ಒಳಗಿನ ಪರಮಾಣುಗಳು ಸುಮ್ಮನಿರುತ್ತವೆ. 1 ಸೆಂ.ಮೀ. ಘನದ ಮೇಲ್ಮೈ 6 ಚದರ ಸೆಂ.ಮೀ. ಅದನ್ನೇ 10 ನ್ಯಾನೋಮೀಟರ್ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್.

ಹಾಗಾದರೆ ಆಧಾರ ಏಕೆ? ಬಿಡಿ ನ್ಯಾನೋಕಣಗಳು ಒಂದಕ್ಕೊಂದು ಅಂಟಿಕೊಂಡು ದೊಡ್ಡದಾಗುತ್ತವೆ, ಮೇಲ್ಮೈ ಕಡಿಮೆಯಾಗುತ್ತದೆ. ಸಕ್ರಿಯ ಇದ್ದಿಲು ಅಥವಾ ಅಲ್ಯೂಮಿನಾ ಮೇಲೆ ಕೂರಿಸಿದರೆ ಅವು ದೂರ ದೂರ ಉಳಿಯುತ್ತವೆ. ಕ್ರಿಯೆ ಮುಗಿದ ಮೇಲೆ ಸೋಸಿ ಮತ್ತೆ ಬಳಸಬಹುದು.

ಎರಡು ಎಚ್ಚರಿಕೆಗಳಿವೆ. ಸ್ವಲ್ಪ ಲೋಹ ದ್ರಾವಣಕ್ಕೆ ಸೇರಬಹುದು. ಆದ್ದರಿಂದ ಔಷಧ ತಯಾರಿಕೆಯಲ್ಲಿ ಅದನ್ನು ಪರೀಕ್ಷಿಸಲೇಬೇಕು. ಬಳಸಿದ ಪಲ್ಲಾಡಿಯಮ್–ಇದ್ದಿಲು ಗಾಳಿಯಲ್ಲಿ ಒಣಗಿದರೆ ಹೊತ್ತಿಕೊಳ್ಳಬಹುದು; ಅದನ್ನು ಒದ್ದೆಯಾಗಿಯೇ ಇಡಬೇಕು.

ಮುಂದಿನ ಸಲ ಸಮೀಕರಣ ಬರೆಯುವಾಗ ಬಾಣದ ಬಲಗಡೆ ಇನ್ನೇನು ಉಳಿಯಿತು ಎಂದೂ ನೋಡೋಣ.