ಹಳೆಯ ಕಾರಿಗೆ ಬೇರೆ ಎಂಜಿನು

ಅಂಬಾಸಡರ್ ಕಾರಿನ ಹೆಸರನ್ನು ಕೇಳದವರು ನಮ್ಮಲ್ಲಿ ವಿರಳ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಮಾದರಿಯನ್ನು ಆಧಾರವಾಗಿಟ್ಟುಕೊಂಡು ಹಿಂದುಸ್ತಾನ್ ಮೋಟರ್ಸ್ ಸಂಸ್ಥೆಯವರು ೧೯೫೦ರ ದಶಕದ ಕೊನೆಯಲ್ಲಿ ಬಂಗಾಳದ ಉತ್ತರಪಾಡಾದಲ್ಲಿ ಇದನ್ನು ತಯಾರಿಸತೊಡಗಿದರು. ೨೦೧೪ರಲ್ಲಿ ತಯಾರಿಕೆ ನಿಂತಿತು. ಬಹುಕಾಲ ಇದನ್ನು ಎಳೆದದ್ದು ೧೪೮೯ ಘನ ಸೆಂಟಿಮೀಟರಿನ ಪೆಟ್ರೋಲ್ ಎಂಜಿನು. ೧೯೯೦ರ ದಶಕದ ಮೊದಲಲ್ಲಿ ಅದೇ ಮೈಯೊಳಗೆ ಜಪಾನಿನ ಇಸುಜು ಕಂಪನಿಯ ವಿನ್ಯಾಸದ ೧೮೧೭ ಘನ ಸೆಂಟಿಮೀಟರಿನ ಎಂಜಿನನ್ನು ಕೂರಿಸಿದರು. ಅದರೊಡನೆ ಹಳೆಯ ನಾಲ್ಕು ಗೇರುಗಳ ಪೆಟ್ಟಿಗೆಯೂ ಹೋಗಿ ಐದು ಗೇರುಗಳ ಪೆಟ್ಟಿಗೆ ಬಂದಿತು. ಎಂಜಿನು ಬದಲಾದರೆ ಗೇರುಪೆಟ್ಟಿಗೆಯೂ ಏಕೆ ಬದಲಾಗಬೇಕು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ಯಂತ್ರಶಾಸ್ತ್ರದ ಹಲವು ಪಾಠಗಳು ತಾವಾಗಿಯೇ ಎದುರಾಗುತ್ತವೆ.

ಮೊದಲು ಎರಡು ಎಂಜಿನುಗಳ ಅಳತೆಗಳನ್ನು ನೋಡೋಣ. ಹಳೆಯದರಲ್ಲಿ ಸಿಲಿಂಡರಿನ ವ್ಯಾಸ ಸುಮಾರು ೭೩ ಮಿ.ಮೀ., ಪಿಸ್ಟನ್ನು ಮೇಲಿಂದ ಕೆಳಕ್ಕೆ ಚಲಿಸುವ ದೂರ ೮೮.೯ ಮಿ.ಮೀ. ಹೊಸದರಲ್ಲಿ ವ್ಯಾಸ ೮೪, ಚಲನೆಯ ದೂರ ೮೨. ಒಂದು ತೆಳ್ಳಗೆ ಉದ್ದ, ಇನ್ನೊಂದು ಅಗಲ ಗಿಡ್ಡ. ನಿಮಿಷಕ್ಕೆ ೪೨೦೦ ಸುತ್ತು ತಿರುಗುವಾಗ ಹಳೆಯ ಎಂಜಿನಿನ ಪಿಸ್ಟನ್ನು ಸೆಕೆಂಡಿಗೆ ಸರಾಸರಿ ೧೨.೪ ಮೀಟರು ಓಡುತ್ತದೆ. (ಪ್ರತಿ ಸುತ್ತಿಗೂ ಒಮ್ಮೆ ಕೆಳಕ್ಕೆ, ಒಮ್ಮೆ ಮೇಲಕ್ಕೆ; ವಾಚಕರು ತಾವೇ ಗುಣಿಸಿ ನೋಡಬಹುದು.) ಹೊಸ ಎಂಜಿನಿನ ಪಿಸ್ಟನ್ನು ಇದೇ ವೇಗವನ್ನು ಮುಟ್ಟಬೇಕಾದರೆ ಎಂಜಿನು ಸುಮಾರು ೪೫೫೦ ಸುತ್ತು ತಿರುಗಬೇಕು. ಪಿಸ್ಟನ್ನಿನ ವೇಗ ಹೆಚ್ಚಿದಷ್ಟೂ ಸವೆತವೂ ಸೆಳೆತವೂ ಹೆಚ್ಚುವುದರಿಂದ, ಗಿಡ್ಡ ಚಲನೆಯ ಎಂಜಿನು ಅದೇ ಶ್ರಮದಲ್ಲಿ ಇನ್ನಷ್ಟು ಬೇಗ ತಿರುಗಬಲ್ಲದು. ಒಳಗೆ ಹೆಚ್ಚು ಗಾಳಿಯನ್ನು ಸೆಳೆಯುವುದರಿಂದ ಅದರ ತಿರುಚುವ ಬಲ, ಎಂದರೆ ಟಾರ್ಕ್, ಕೂಡ ದೊಡ್ಡದು. ಟಾರ್ಕನ್ನು ತಿರುಗುವ ವೇಗದಿಂದ ಗುಣಿಸಿದರೆ ದೊರೆಯುವುದೇ ಸಾಮರ್ಥ್ಯ. ಎರಡೂ ಹೆಚ್ಚಿದಾಗ ಗುಣಲಬ್ಧ ಎಷ್ಟು ಏರುತ್ತದೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂತಹ ಎಂಜಿನಿಗೆ ಹಳೆಯ ಗೇರುಪೆಟ್ಟಿಗೆಯನ್ನೇ ಜೋಡಿಸಬಾರದೇ? ಜೋಡಿಸಬಹುದು, ಆದರೆ ಕೆಲಸ ನಾಜೂಕಿನದು. ಎಂಜಿನಿನ ದಂಡದ ತುದಿಯಲ್ಲಿ ಒಂದು ಸಣ್ಣ ಬೇರಿಂಗು ಇರುತ್ತದೆ. ಗೇರುಪೆಟ್ಟಿಗೆಯ ದಂಡದ ಮೂತಿ ಅದರೊಳಗೆ ಕೂರುತ್ತದೆ. ಎರಡು ದಂಡಗಳ ಅಕ್ಷಗಳೂ ಒಂದೇ ನೇರದಲ್ಲಿರಬೇಕು. ಕೂದಲೆಳೆಯಷ್ಟು ತಪ್ಪಿದರೂ ಕ್ಲಚ್ಚು ಅದುರುತ್ತದೆ, ಬೇರಿಂಗು ಬೇಗನೆ ಸಾಯುತ್ತದೆ. ಬೇರೆ ಬೇರೆ ಕಂಪನಿಗಳ ಬೋಲ್ಟುಗಳ ಜಾಗವೂ ದಂಡದ ಹಲ್ಲುಗಳ ಎಣಿಕೆಯೂ ಹೊಂದುವುದಿಲ್ಲ. ಆದುದರಿಂದ ಅನುಭವಿ ಮೇಸ್ತ್ರಿಗಳು ಎಂಜಿನನ್ನೂ ಗೇರುಪೆಟ್ಟಿಗೆಯನ್ನೂ ಅಗಲಿಸದೆ ಜೋಡಿಯಾಗಿಯೇ ತರುತ್ತಾರೆ. ಕಾರ್ಖಾನೆಯಲ್ಲಿ ಕೂಡಿಸಿದ ಜೋಡಿಯನ್ನು ಗ್ಯಾರೇಜಿನಲ್ಲಿ ಬಿಡಿಸದಿರುವುದೇ ಜಾಣತನವೆಂದು ನಮಗೂ ತೋರುತ್ತದೆ.

ಆದರೆ ತೊಡಕು ಇದರಿಂದ ತೀರಲಿಲ್ಲ, ಹಿಂದಕ್ಕೆ ಸರಿಯಿತು ಅಷ್ಟೆ. ಹಳೆಯ ಅಂಬಾಸಡರಿನಲ್ಲಿ ಗೇರಿನ ಹಿಡಿ ಸ್ಟಿಯರಿಂಗ್ ಕಂಬದ ಮೇಲಿತ್ತು. ಹೊಸ ಪೆಟ್ಟಿಗೆಗೆ ಅದು ನೆಲದಿಂದ ಮೇಲೇಳಬೇಕು, ಎಂದರೆ ನೆಲದ ತಗಡನ್ನು ಕತ್ತರಿಸಬೇಕು. ಪೆಟ್ಟಿಗೆಯ ಉದ್ದ ಬೇರೆಯಾದರೆ ಅದರಿಂದ ಹಿಂದಿನ ಅಚ್ಚಿಗೆ ಹೋಗುವ ಪ್ರೊಪೆಲರ್ ಷಾಫ್ಟನ್ನೂ ಅಳತೆಗೆ ತಕ್ಕಂತೆ ಮಾಡಿಸಿ, ತೂಕದ ಸಮತೋಲ ನೋಡಿಸಬೇಕು.

ಈ ಷಾಫ್ಟಿನ ಬಳಿ ನಾವು ಸ್ವಲ್ಪ ನಿಲ್ಲಬೇಕು. ಅದರ ಎರಡು ತುದಿಗಳಲ್ಲೂ ಯೂನಿವರ್ಸಲ್ ಜಾಯಿಂಟುಗಳಿವೆ. ೧೭ನೆಯ ಶತಮಾನದ ವಿಜ್ಞಾನಿ ರಾಬರ್ಟ್ ಹುಕ್ಕನ ಹೆಸರನ್ನು ಹೊತ್ತಿರುವ ಈ ಜಾಯಿಂಟಿಗೆ ಒಂದು ವಿಚಿತ್ರ ಗುಣವುಂಟು. ಒಂದು ದಂಡ ಸಮವೇಗದಿಂದ ತಿರುಗುತ್ತಿದ್ದರೂ, ಅದಕ್ಕೆ ಓರೆಯಾಗಿ ಕೂಡಿದ ಇನ್ನೊಂದು ದಂಡ ಪ್ರತಿ ಸುತ್ತಿನಲ್ಲೂ ಎರಡು ಬಾರಿ ಮುನ್ನುಗ್ಗಿ ಎರಡು ಬಾರಿ ಹಿಂಜರಿಯುತ್ತದೆ. ಓರೆಯ ಕೋನ ೧೦ ಡಿಗ್ರಿ ಇದ್ದರೆ ಈ ಏರಿಳಿತ ಮೇಲಕ್ಕೂ ಕೆಳಕ್ಕೂ ಸುಮಾರು ಶೇಕಡ ೧.೫. ಸಣ್ಣದೆಂದು ಕಾಣಬಹುದು, ಆದರೆ ನಿಮಿಷಕ್ಕೆ ೩೦೦೦ ಸುತ್ತಿನಲ್ಲಿ ಇದು ಸೆಕೆಂಡಿಗೆ ನೂರು ಏಟುಗಳಾಗಿ ಹಿಂದಿನ ಅಚ್ಚಿಗೆ ಬಡಿಯುತ್ತದೆ. ಇದಕ್ಕೆ ಮದ್ದು ಎರಡನೆಯ ಜಾಯಿಂಟು. ಮೊದಲನೆಯದು ಮಾಡಿದ ಏರಿಳಿತವನ್ನು ಅದು ತಿರುಗಿಸಿ ಅಳಿಸುತ್ತದೆ. ಆದರೆ ಹೀಗಾಗಬೇಕಾದರೆ ಎರಡು ಕೋನಗಳೂ ಸಮವಾಗಿರಬೇಕು. ಎಂದರೆ ಗೇರುಪೆಟ್ಟಿಗೆಯ ಅಕ್ಷವೂ ಹಿಂದಿನ ಅಚ್ಚಿನ ಪಿನಿಯನ್ನಿನ ಅಕ್ಷವೂ ಪರಸ್ಪರ ಸಮಾನಾಂತರವಾಗಿರಬೇಕು. ಷಾಫ್ಟಿನ ಎರಡು ನೊಗಗಳೂ ಒಂದೇ ತಲದಲ್ಲಿರಬೇಕು. ಬಾನೆಟ್ಟು ಮುಚ್ಚಲಿಲ್ಲವೆಂದು ಎಂಜಿನಿನ ಮೂತಿಯನ್ನು ತಗ್ಗಿಸಿ ಕೂರಿಸಿದರೆ ಕಾರು ಚಲಿಸೀತು, ಆದರೆ ೬೦ ಕಿ.ಮೀ. ವೇಗ ದಾಟಿದೊಡನೆ ಗುಂಯ್ಗುಡುತ್ತದೆ. ಕಾರಣವನ್ನು ಟಯರುಗಳಲ್ಲಿ ಹುಡುಕುತ್ತ ಹಣ ಕಳೆಯುವವರುಂಟು.

ಇನ್ನು ಟಾರ್ಕಿನ ಪಯಣ. ಲೆಕ್ಕಕ್ಕಾಗಿ ಎಂಜಿನಿನ ಟಾರ್ಕ್ ೧೦೦ ನ್ಯೂಟನ್-ಮೀಟರು, ಮೊದಲ ಗೇರಿನ ಅನುಪಾತ ೩.೫, ಹಿಂದಿನ ಅಚ್ಚಿನ ಅನುಪಾತ ೪.೫ ಎಂದಿಟ್ಟುಕೊಳ್ಳೋಣ. ಘರ್ಷಣೆಯನ್ನು ಬಿಟ್ಟರೆ ಷಾಫ್ಟಿನಲ್ಲಿ ೩೫೦, ಅಚ್ಚಿನಲ್ಲಿ ೧೫೭೫. ಎಂಜಿನನ್ನು ಬದಲಾಯಿಸಿ ೧೩೦ ಮಾಡಿದೆವೆನ್ನೋಣ. ಎಂಜಿನಿನಲ್ಲಿ ಹೆಚ್ಚಿದ್ದು ಬರಿಯ ೩೦, ಆದರೆ ಅಚ್ಚಿನಲ್ಲಿ ೪೭೦ಕ್ಕೂ ಮಿಕ್ಕಿ. ಹಳೆಯ ಅಚ್ಚು ಇದನ್ನು ತಡೆದೀತೇ ಎಂಬುದನ್ನು ಮೊದಲೇ ನೋಡಿಕೊಳ್ಳಬೇಕು. ದಡ್ಡತನದಿಂದ ಕ್ಲಚ್ಚನ್ನು ದಿಢೀರನೆ ಬಿಡುವವನ ಕೈಯಲ್ಲಿ ಈ ಭಾರ ಇನ್ನೂ ಏರುತ್ತದೆ.

ಐದನೆಯ ಗೇರಿನ ಪ್ರಯೋಜನವೂ ಇದೇ ಬಗೆಯ ಲೆಕ್ಕದಿಂದ ತಿಳಿಯುತ್ತದೆ. ಚಕ್ರದ ಸುತ್ತಳತೆ ೨ ಮೀಟರು ಎಂದು ಹಿಡಿಯಿರಿ. ಗಂಟೆಗೆ ೮೦ ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ೬೬೭ ಸುತ್ತು ತಿರುಗುತ್ತದೆ. ನಾಲ್ಕನೆಯ ಗೇರು ನೇರವಾದ್ದರಿಂದ ಎಂಜಿನು ೬೬೭ರ ೪.೫ರಷ್ಟು, ಅಂದರೆ ೩೦೦೦ ಸುತ್ತು. ಐದನೆಯದರ ಅನುಪಾತ ೦.೮೫ ಆದರೆ ೨೫೫೦ ಸಾಕು. ಸದ್ದು ಇಳಿಯಿತು, ಪೆಟ್ರೋಲೂ ಉಳಿಯಿತು.

ರೇಡಿಯೇಟರನ್ನು ಒಂದೇ ಮಾತಿನಲ್ಲಿ ಮುಗಿಸುತ್ತೇವೆ: ಸುಟ್ಟ ಪೆಟ್ರೋಲಿನ ಶಾಖದಲ್ಲಿ ಹೆಚ್ಚುಕಡಮೆ ಮೂರರಲ್ಲೊಂದು ಪಾಲು ತಣಿಸುವ ನೀರಿಗೆ ಹೋಗುವುದರಿಂದ, ದೊಡ್ಡ ಎಂಜಿನಿಗೆ ದೊಡ್ಡ ರೇಡಿಯೇಟರು ಬೇಕು.

ಬ್ರೇಕಿನ ಮಾತು ಬೇರೆ. ಇಲ್ಲಿ ಪ್ರಾಣದ ಪ್ರಶ್ನೆಯುಂಟು. ಹಳೆಯ ಅಂಬಾಸಡರಿನ ನಾಲ್ಕು ಚಕ್ರಗಳಿಗೂ ಇದ್ದದ್ದು ಡ್ರಮ್ ಬ್ರೇಕು. ಜನರೂ ಸೇರಿ ೧೪೦೦ ಕಿಲೋಗ್ರಾಮು ತೂಗುವ ಕಾರು ೮೦ ಕಿ.ಮೀ. ವೇಗದಲ್ಲಿ ಸುಮಾರು ೩.೪೬ ಲಕ್ಷ ಜೂಲುಗಳ ಚಲನಶಕ್ತಿಯನ್ನು ಹೊತ್ತಿರುತ್ತದೆ, ೧೦೦ ಕಿ.ಮೀ.ನಲ್ಲಿ ೫.೪ ಲಕ್ಷ. ವೇಗ ಕಾಲುಭಾಗ ಹೆಚ್ಚಿದರೆ ಶಕ್ತಿ ಅರ್ಧಕ್ಕೂ ಮಿಕ್ಕಿ ಹೆಚ್ಚುತ್ತದೆ, ಏಕೆಂದರೆ ಅದು ವೇಗದ ವರ್ಗವನ್ನು ಅನುಸರಿಸುತ್ತದೆ. ಈ ಶಕ್ತಿಯ ಬಹುಪಾಲು ಡ್ರಮ್ಮುಗಳಲ್ಲಿ ಶಾಖವಾಗಬೇಕು. ಪಶ್ಚಿಮ ಘಟ್ಟದ ರಸ್ತೆಯಲ್ಲಿ ಇದೇ ಕಾರು ೫೦೦ ಮೀಟರು ಕೆಳಕ್ಕಿಳಿದರೆ ಬಿಡುಗಡೆಯಾಗುವ ಶಕ್ತಿ ೬೮ ಲಕ್ಷ ಜೂಲಿಗೂ ಹೆಚ್ಚು. ೧೦೦ ಕಿ.ಮೀ. ವೇಗದಿಂದ ಹನ್ನೆರಡು ಬಾರಿ ಪೂರ್ತಿ ನಿಲ್ಲಿಸಿದರೂ ಇಷ್ಟಾಗದು! ಇದನ್ನೆಲ್ಲ ಡ್ರಮ್ಮಿಗೇ ಹೊರಿಸಿದರೆ ಬ್ರೇಕಿನ ಲೈನಿಂಗು ಕಾದು ಹಿಡಿತ ತಪ್ಪುತ್ತದೆ. ಕೆಳಗಿನ ಗೇರಿನಲ್ಲಿ ಇಳಿದರೆ ಎಂಜಿನು ತಾನೇ ಒಂದು ಪಾಲನ್ನು ನುಂಗುತ್ತದೆ. ಐದನೆಯ ಗೇರಿನಲ್ಲಿ ಹಾಯಾಗಿ ಘಟ್ಟ ಇಳಿಯುವವನಿಗೆ ಈ ನೆರವು ದೊರೆಯದು. ಆದ್ದರಿಂದ ಎಂಜಿನಿಗೆ ಹಣ ಸುರಿಯುವ ಮುನ್ನ ಬ್ರೇಕಿಗೆ ಹಣ ತೆಗೆದಿಡಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ.

ಕಾನೂನನ್ನೂ ಮರೆಯುವಂತಿಲ್ಲ. ನೋಂದಣಿ ಪತ್ರದಲ್ಲಿ ಎಂಜಿನಿನ ಸಂಖ್ಯೆ ಬರೆದಿರುತ್ತದೆ. ವಾಹನದ ಮಾರ್ಪಾಟುಗಳಿಗೆ ೧೯೮೮ರ ಮೋಟಾರು ವಾಹನಗಳ ಕಾಯಿದೆಯ ೫೨ನೆಯ ಕಲಮು ಅನ್ವಯಿಸುತ್ತದೆ. ಸಾರಿಗೆ ಕಚೇರಿಯಲ್ಲಿ ಮೊದಲೇ ವಿಚಾರಿಸುವುದು ಲೇಸು.

ಕೊನೆಗೆ ವಿದ್ಯಾರ್ಥಿಗಳೇ ಮಾಡಬಹುದಾದ ಒಂದು ಪರೀಕ್ಷೆ. ಇಂತಹ ಕಾರುಗಳಲ್ಲಿ ಸ್ಪೀಡೋಮೀಟರಿನ ತಂತಿ ಗೇರುಪೆಟ್ಟಿಗೆಯಿಂದ ಹೊರಡುತ್ತದೆ. ಪೆಟ್ಟಿಗೆ ಬದಲಾದ ಮೇಲೆ ಮುಳ್ಳು ನಿಜ ಹೇಳುತ್ತದೆಂಬ ಭರವಸೆಯಿಲ್ಲ. ಖಾಲಿ ಹೆದ್ದಾರಿಯಲ್ಲಿ ಚಾಲಕರು ಮುಳ್ಳನ್ನು ೬೦ರಲ್ಲಿ ನಿಲ್ಲಿಸಿ ಓಡಿಸಲಿ. ಪಕ್ಕದಲ್ಲಿ ಕುಳಿತವರು ಒಂದು ಕಿಲೋಮೀಟರು ಕಲ್ಲಿನಿಂದ ಮುಂದಿನದಕ್ಕೆ ಹಿಡಿಯುವ ಕಾಲವನ್ನು ಗಡಿಯಾರದಲ್ಲಿ ಅಳೆಯಲಿ. ಸರಿಯಾಗಿ ೬೦ ಸೆಕೆಂಡಾದರೆ ಮುಳ್ಳು ಸತ್ಯವಂತ. ೬೬ ಆದರೆ ನಿಜವಾದ ವೇಗ ೫೪.೫. ೫೪ ಸೆಕೆಂಡಿನಲ್ಲೇ ಕಲ್ಲು ಬಂದುಬಿಟ್ಟರೆ ಕಾರು ೬೬ಕ್ಕಿಂತ ಹೆಚ್ಚು ವೇಗದಲ್ಲಿ ಓಡುತ್ತಿದೆ. ಆಗ ಪೆಟ್ಟಿಗೆಯೊಳಗಿನ ಸ್ಪೀಡೋಮೀಟರಿನ ಸಣ್ಣ ಹಲ್ಲುಗಾಲಿಯನ್ನು ಬದಲಿಸಬೇಕಾಗುತ್ತದೆ.